ಲೊರೆಟ್ಟಾಳಿಗೆ, ನಿನ್ನ ಗೆಳೆಯ ಎಮಿಲ್

ಶನಿವಾರ ಬೆಳಿಗ್ಗೆ ಬಿಳಿ ಬಟ್ಟೆಗಳ ಸರದಿ. ನೆಲಮಾಳಿಗೆಯ ಒಗೆಯುವ ಯಂತ್ರಕ್ಕೆ ಹಾಸಿಗೆಯ ಹೊದಿಕೆ, ದಿಂಬಿನ ಗವಸು, ವೇಡ್‌ನ ಬಿಳಿ ಅಂಗಿ ಎಲ್ಲ ತುಂಬಿ, ಸೋಪಿನ ಪುಡಿ ಸುರಿದು, ಬ್ಲೀಚ್‌ಗೆಂದು ಕೈ ಚಾಚಿದೆ. ಹಲಗೆಯ ಮೇಲೆ ಬಾಟಲಿಯ ತಳದ ದುಂಡು ಗುರುತು ಇತ್ತು, ಬಾಟಲಿ ಇರಲಿಲ್ಲ. ಯಂತ್ರದ ಮುಚ್ಚಳ ತೆರೆದಿಟ್ಟೇ ಮೇಲೆ ಬಂದೆ. ಅಡುಗೆಮನೆಯಲ್ಲಿ ಕಾಣಲಿಲ್ಲ, ಬಚ್ಚಲಲ್ಲೂ ಇಲ್ಲ. ಆಮೇಲೆ ಹಿತ್ತಿಲ ಬಾಗಿಲಿನಿಂದ ಅದರ ವಾಸನೆ ಬಂತು.

ನನ್ನ ಮಗಳು ಡೋರಿ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ಬ್ಲೀಚ್, ಕೈಯಲ್ಲಿ ಹತ್ತಿ ಸುತ್ತಿದ ಬೆಂಕಿಕಡ್ಡಿ, ಮೊಣಕಾಲ ಮೇಲೆ ಒಂದು ಹಳೆಯ ಬೇಸ್‌ಬಾಲ್ ಕಾರ್ಡು. ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಹಿಡಿದು, ದೊಡ್ಡ ಪರೀಕ್ಷೆ ಬರೆಯುವವಳ ಹಾಗೆ ಕಾರ್ಡನ್ನು ಉಜ್ಜುತ್ತಿದ್ದಳು.

"ಏನ್ ಮಾಡ್ತಿದೀಯ ಡೋರಿ?"

ಅವಳು ಕಾರ್ಡನ್ನು ಬಚ್ಚಿಡಲಿಲ್ಲ. ಸಿಕ್ಕಿಬಿದ್ದರೆ ಸಿಕ್ಕಿಬಿದ್ದ ಹಾಗೇ ಕೂತಿರುವುದು ಅವಳ ಗುಣ.

"ಹೆಸರು ಅಳಿಸ್ತಿದೀನಿ. ಹೆಸರಿದ್ರೆ ಬೆಲೆ ಕಮ್ಮಿಯಂತೆ."

"ಯಾರಂದ್ರು?"

"ಗಸ್. ಕಾರ್ಡ್ ಮಾರ್ತಾನಲ್ಲ, ಆ ಗಸ್. ಬರೀ ಸಹಿ ಇದ್ರೆ ಯಾರು ಬೇಕಾದ್ರೂ ಕೊಂಡ್ಕೋತಾರಂತೆ. ಇಂಥೋರಿಗೆ ಅಂತ ಬರೆದುಬಿಟ್ರೆ ಅದು ಅವರೊಬ್ಬರದೇ ಆಗೋಗತ್ತಂತೆ. ಬೇರೆಯೋರಿಗೆ ಯಾಕ್ ಬೇಕು ಅಂದ."

ನಾನು ಪಕ್ಕದಲ್ಲಿ ಕೂತೆ. ಕಾರ್ಡಿನಲ್ಲಿ ನಮ್ಮ ಕಡೆಯ ತಂಡದ ಆಟಗಾರ ಎಮಿಲ್ ಹೋರಾಕ್ ಬ್ಯಾಟು ಬೀಸಿ ಮುಗಿಸಿದ ಭಂಗಿಯಲ್ಲಿದ್ದ. ಸೊಂಟ ತಿರುಗಿ, ಕಣ್ಣು ಚೆಂಡಿನ ಹಿಂದೆ ಹೋಗಿತ್ತು. ಅವನ ಕಾಲ ಬುಡದಲ್ಲಿ ನೀಲಿ ಶಾಯಿಯಲ್ಲಿ 'ಲೊರೆಟ್ಟಾಳಿಗೆ, ನಿನ್ನ ಗೆಳೆಯ ಎಮಿಲ್ ಹೋರಾಕ್' ಎಂದಿತ್ತು. ಈಗ ಮೊದಲ ಮಾತಿನ ಜಾಗದಲ್ಲಿ ಹಳದಿ ಕಲೆ. ಕಲೆ ಅಲ್ಲಿಗೇ ನಿಲ್ಲದೆ ಹರಿದು 'ಗೆಳೆಯ'ನನ್ನೂ ಅರ್ಧ ತಿಂದಿತ್ತು.

ಲೊರೆಟ್ಟಾ ಅಂದರೆ ನಾನು.

ಬೈಯಲು ಬಾಯಿ ಬರಲಿಲ್ಲ. ಅವಳ ಬೆರಳ ತುದಿಗಳು ಸುಕ್ಕುಗಟ್ಟಿ ಬೆಳ್ಳಗಾಗಿದ್ದವು. ಒಳಗೆ ಕರೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದೆ. ನೀರು ಬೀಳುತ್ತಿರುವಷ್ಟು ಹೊತ್ತೂ ಅವಳು ನನ್ನ ಮುಖ ನೋಡುತ್ತಿದ್ದಳು.

"ಕೋಪ ಬಂತಾ?"

"ಕಣ್ಣಿಗೆ ಹಾರಿದ್ರೆ ಏನ್ ಮಾಡ್ತಿದ್ದೆ? ಅದಕ್ಕೆ ಕೋಪ ಬಂತು."

"ಕಾರ್ಡಿಗೆ?"

"ಕಾರ್ಡು ಒಣಗ್ಲಿ. ಆಮೇಲೆ ನೋಡೋಣ."

ಅವಳಿಗೆ ಬೇಕಾಗಿದ್ದದ್ದು ಬಕ್ ಮ್ಯಾಲರಿಯ ಸಹಿ ಎಂದು ನನಗೆ ಗೊತ್ತಿತ್ತು. ಮ್ಯಾಲರಿ ನ್ಯೂಯಾರ್ಕಿನ ತಂಡದಲ್ಲಿ ಆಡಿದವನು, ಹೋರಾಕ್‌ನ ಕಾಲದವನೇ, ವೇಡ್‌ನ ದೇವರು. ನನ್ನ ಗಂಡ ವೇಡ್ ಹೋದ ಚಳಿಗಾಲಕ್ಕೆ ಮುಂಚೆ ಟೆಕ್ಸಸ್ಸಿನ ಎಣ್ಣೆಬಾವಿಗಳ ಕೆಲಸಕ್ಕೆಂದು ಹೊರಟ. ಕ್ರಿಸ್‌ಮಸ್ಸಿಗೆ ಬರುತ್ತೇನೆ ಅಂದ, ಈಸ್ಟರಿಗೆ ಅಂದ. ಮೊದಲು ವಾರವಾರ ಭಾನುವಾರ ಫೋನು ಬರುತ್ತಿತ್ತು, ಆಮೇಲೆ ಯಾವಾಗಲೋ ಒಂದು ಭಾನುವಾರ. ಹಾಗೆ ಬಂದ ಒಂದು ಫೋನಿನಲ್ಲಿ, ಹೇಳಲು ಮಾತು ಮುಗಿದಾಗ, ಅವಳಿಗೆ ಹೇಳಿದ್ದ: "ಒಂದು ಮ್ಯಾಲರಿ ಸಹಿ ಹುಡುಕಿಡು ಚಾಂಪ್. ಸಿಕ್ಕ ದಿನಾನೇ ಗಾಡಿ ಹತ್ತಿ ಬಂದ್ಬಿಡ್ತೀನಿ." ಅವನ ದನಿ ದೊಡ್ಡದು, ಆಲೂಗಡ್ಡೆ ಸುಲಿಯುತ್ತಿದ್ದ ನನಗೂ ಕೇಳಿಸಿತು. ಅವನು ನಕ್ಕ. ಅವಳು ನಗಲಿಲ್ಲ.

ಅಂದಿನಿಂದ ಡೋರಿ ಶಾಲೆ ಬಿಟ್ಟೊಡನೆ ಗಸ್‌ನ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಾಳೆ. ರಾತ್ರಿ ದೀಪ ಆರಿಸುವ ಮೊದಲು "ಅಮ್ಮ" ಅನ್ನುತ್ತಾಳೆ. "ಏನು ಕಂದ" ಅಂದರೆ, ಸ್ವಲ್ಪ ತಡೆದು, "ಏನಿಲ್ಲ" ಅನ್ನುತ್ತಾಳೆ. ಕೇಳಲಿ ಎಂದು ಕಾಯುತ್ತೇನೆ. ಕೇಳದಿದ್ದರೆ ಸಾಕಪ್ಪ ಎಂದೂ ಅನಿಸುತ್ತದೆ. ಆ "ಏನಿಲ್ಲ" ಹೊದಿಕೆಯ ಒಳಗೆ ಅವಳ ಜೊತೆಗೇ ಮಲಗುತ್ತದೆ, ನನ್ನ ಕೋಣೆಗೂ ಬರುತ್ತದೆ.

ನನ್ನ ಅಪ್ಪ ಕಾಫಿ ಹೊತ್ತಿಗೆ ಬಂದರು. ಹಿಂದಿನ ಓಣಿ ದಾಟಿದರೆ ಅವರ ಮನೆ. ಅಮ್ಮ ತೀರಿಹೋದ ಮೇಲೆ ಶನಿವಾರದ ಕಾಫಿ ನಮ್ಮಲ್ಲೇ. ಡೋರಿಗೆ ಅವರು ದೇದಾ, ಅಂದರೆ ತಾತ. ನಮ್ಮ ಬೊಹೀಮಿಯಾದ ಹಿರಿಯರು ನದಿಯ ದಾರಿ ಹಿಡಿದು ಈ ಊರಿಗೆ ಬಂದಾಗ ತಂದ ಮಾತುಗಳಲ್ಲಿ ಉಳಿದದ್ದು ಅದೊಂದು, ಮತ್ತೆ ಕೊಲಾಚೆ. ಏಪ್ರಿಕಾಟ್ ಹಣ್ಣು ತುಂಬಿದ, ಸಿಹಿ ಬನ್ನಿನಂಥ ಕೊಲಾಚೆಗಳ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಕಿಟಕಿಯಲ್ಲಿ ಒಣಗುತ್ತಿದ್ದ ಕಾರ್ಡನ್ನು ಕಂಡರು.

"ಇದೇನು, ಹೋರಾಕ್‌ಗೆ ಸ್ನಾನ ಮಾಡ್ಸಿದೀರಾ?"

ಡೋರಿ ಹಾಲಿನ ಲೋಟದೊಳಗೆ ನೋಡುತ್ತಿದ್ದಳು. ನಾನೇ ಹೇಳಿದೆ. ಅಪ್ಪ ಕಾರ್ಡನ್ನು ತೋಳುದ್ದ ದೂರ ಹಿಡಿದು ನೋಡಿದರು. ಕಿವಿ ಕೆಂಪಾದದ್ದು ನನಗೆ ಕಂಡಿತು. ಆದರೆ ಬಾಯಿಗೆ ಬಂದದ್ದು ಬೇರೆ.

"ಇಡೀ ದೇಶದ ಎಸೆತಗಾರರೆಲ್ಲ ಸೇರಿ ಇವನ್ನ ಔಟ್ ಮಾಡೋಕೆ ಒದ್ದಾಡಿದ್ರು. ಕೊನೆಗೆ ನಮ್ಮನೆ ಮೆಟ್ಟಿಲ ಮೇಲೆ ಔಟಾದ ನೋಡು."

"ಸಾರಿ ದೇದಾ."

"ನಂಗ್ಯಾಕೆ ಸಾರಿ? ಕಾರ್ಡು ನಿಮ್ಮಮ್ಮಂದು."

ಡೋರಿ ಕೊಲಾಚೆಯ ಅಂಚು ಮುರಿಯುತ್ತಾ ಕೇಳಿದಳು. "ದೇದಾ, ಹೋರಾಕ್ ಅಷ್ಟು ದೊಡ್ಡೋನಾಗಿದ್ರೆ ಅವನ ಸಹಿ ಯಾಕೆ ಅಷ್ಟು ಅಗ್ಗ? ಮ್ಯಾಲರಿದು ಒಂದು ಬೇಕು ಅಂದ್ರೆ ಹೋರಾಕ್‌ದು ಒಂದು ಬುಟ್ಟಿ ಕೊಡ್ಬೇಕು ಅಂತಾನೆ ಗಸ್."

"ಕೇಳಿದೋರಿಗೆಲ್ಲ ಕೊಟ್ಟ, ಅದಕ್ಕೆ. ಯಾರಿಗೂ ಇಲ್ಲ ಅನ್ಲಿಲ್ಲ."

"ಹಾಗಾದ್ರೆ ಇಲ್ಲ ಅನ್ನೋದೇ ಒಳ್ಳೇದಾ?"

ಅಪ್ಪ ನನ್ನ ಕಡೆ ನೋಡಿದರು. ನಾನು ಲೋಟಗಳನ್ನು ತೊಳೆಯಲು ತಿರುಗಿದೆ.

ಈ ಮೇಜಿನಲ್ಲೇ ಅಪ್ಪ ಮತ್ತು ವೇಡ್ ಎಷ್ಟು ಸಲ ಇದಕ್ಕೆ ಜಗಳವಾಡಿಲ್ಲ. ಹೋರಾಕ್ ಒಳ್ಳೆ ಮನುಷ್ಯ ಮಾವ, ಒಪ್ಕೋತೀನಿ, ಒಳ್ಳೆಯೋರ್ನ ಚರ್ಚಿಗೆ ಕಳ್ಸಿ, ಬ್ಯಾಟ್ ಹಿಡಿಯಕ್ಕೆ ಮ್ಯಾಲರಿ ಸಾಕು ಅನ್ನುತ್ತಿದ್ದ ವೇಡ್. ನಿಮ್ಮೋನು ಹೊಡೆದ್ರೆ ಪೇಪರಿನೋರೆಲ್ಲ ಕೂತು ನೋಡ್ತಿದ್ರು, ನಮ್ಮೋನು ಹೊಡೆದ್ರೆ ನೋಡಕ್ಕೆ ಈ ನದಿ ಒಂದಿತ್ತು, ಅಷ್ಟೇ ವ್ಯತ್ಯಾಸ ಅನ್ನುತ್ತಿದ್ದರು ಅಪ್ಪ. ಕೂಗಾಟ ಮುಗಿದ ಮೇಲೆ ಇಬ್ಬರೂ ಒಂದೇ ತಟ್ಟೆಯಿಂದ ಹಂದಿಮಾಂಸದ ಚೂರುಗಳನ್ನು ತಿನ್ನುತ್ತಿದ್ದರು. ಆ ಗದ್ದಲ ನನಗೆ ಈಗ ಬೇಕೆನಿಸುತ್ತದೆ. ಆಗ ರೇಡಿಯೊ ದನಿ ಏರಿಸಿ ಇಬ್ಬರನ್ನೂ ಸುಮ್ಮನಾಗಿಸುತ್ತಿದ್ದವಳೂ ನಾನೇ.

ಆ ದಿನ ಸೇಂಟ್ ಪ್ರೊಕೋಪ್ ಚರ್ಚಿನ ಸಭಾಂಗಣದಲ್ಲಿ ಕಾರ್ಡುಗಳ ಮಾರಾಟವಿತ್ತು. ಡೋರಿ ಒಂದು ವಾರದಿಂದ ಹೇಳಿಟ್ಟಿದ್ದಳು. ಅಪ್ಪ ಮನೆಗೆ ಹೋಗಿ ತಮ್ಮ ಚುಟ್ಟಾ ಡಬ್ಬಿ ತಂದರು. ಅದರ ತುಂಬ ಹೋರಾಕ್: ಅಪ್ಪನ ಹೆಸರಿನವು, ಅಮ್ಮನ ಹೆಸರಿನವು, ತೀರಿಹೋದ ಚಿಕ್ಕಪ್ಪನ ಹೆಸರಿನದು.

"ಬೇಡಪ್ಪ" ಅಂದೆ ನಾನು, ಡೋರಿಗೆ ಕೇಳದ ಹಾಗೆ.

"ಡಬ್ಬೀಲಿ ಇದ್ದು ಯಾರಿಗೇನು ಉಪಕಾರ ಲೋರಿ? ಮಗು ಕೇಳ್ತಿದೆ."

ಅವರಿಗೂ ವಿಷಯ ಗೊತ್ತಿತ್ತು. ಆ ಫೋನಿನ ಮಾತನ್ನು ಡೋರಿ ಓಣಿಯ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

ಸಭಾಂಗಣದಲ್ಲಿ ಹಬ್ಬದ ಊಟಕ್ಕೆ ಹಾಕುವ ಮೇಜುಗಳನ್ನೇ ಹಾಕಿದ್ದರು. ಅಡುಗೆಕಟ್ಟೆಯಲ್ಲಿ ಮಹಿಳಾ ಸಂಘದವರ ಕಾಫಿ. ಗಸ್ ಕಿಟಕಿಯ ಪಕ್ಕದ ಮೇಜಿನಲ್ಲಿದ್ದ. ದಪ್ಪ ಮನುಷ್ಯ, ಬೆರಳು ಮಾತ್ರ ನವಿರು. ಒಂದೊಂದು ಕಾರ್ಡನ್ನೂ ಅಂಚಿನಲ್ಲೇ ಹಿಡಿಯುತ್ತಾನೆ. ಮಕ್ಕಳು ಕೈ ಹಾಕಿದರೆ, "ಮೂಲೆ, ಮೂಲೆ, ಮೂಲೆ ಮಡಿಸ್ಬೇಡ" ಎಂದು ಜಪ ಮಾಡುತ್ತಾನೆ. ಅವನ ಮುಂದೆ, ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಳಗೆ, ಬಕ್ ಮ್ಯಾಲರಿ. ಅಡ್ಡಡ್ಡ ಎಳೆದ ಕಪ್ಪು ಸಹಿ. ಬೇರೆ ಒಂದು ಅಕ್ಷರವಿಲ್ಲ.

ಡೋರಿ ಬ್ಲೀಚ್ ತಿಂದ ಕಾರ್ಡನ್ನು ಮುಂದಿಟ್ಟಳು. ಗಸ್ ಅದನ್ನು ಮುಟ್ಟದೆ ಬಗ್ಗಿ ನೋಡಿದ.

"ಅಯ್ಯೋ ಕೂಸೆ. ಇದಕ್ಕೇನಾಯ್ತು?"

"ಹೆಸರು ಅಳಿಸ್ದೆ. ನೀವೇ ಹೇಳಿದ್ರಲ್ಲ."

"ಹೆಸರಿದ್ರೆ ಬೆಲೆ ಕಮ್ಮಿ ಅಂದೆ. ಅಳಿಸು ಅನ್ಲಿಲ್ಲ. ಅಳಿಸಿದ್ರೆ ಬೆಲೆನೇ ಇಲ್ಲ."

ಅವಳ ಕತ್ತು ಕೆಳಗೆ ಹೋಯಿತು. ಅಪ್ಪ ಚುಟ್ಟಾ ಡಬ್ಬಿ ತೆರೆದು ಮೇಜಿನ ಮೇಲಿಟ್ಟರು.

"ಇವನ್ನ ತಗೋ. ಆ ನ್ಯೂಯಾರ್ಕಿನೋನ್ನ ಇತ್ಲಾಗೆ ಕೊಡು."

"ಹ್ರೂಸ್ಕಾ ಅವ್ರೆ, ಇವನ್ನ ಇಟ್ಕೊಂಡು ನಾನೇನ್ ಮಾಡ್ಲಿ? ನನ್ನ ಹತ್ರ ಹೀಗೇ ಎರಡು ಡಬ್ಬಿ ಕೂತಿದೆ. ಈ ದಡದಲ್ಲಿ ಹೋರಾಕ್ ಸಹಿ ಇಲ್ಲದ ಮನೆ ತೋರ್ಸಿ. ಸಹಿ ಹಾಕದೇ ಇರೋ ಹೋರಾಕ್ ಚೆಂಡು ಯಾವುದಾದ್ರೂ ಇದ್ರೆ ತನ್ನಿ, ಅದಕ್ಕೆ ಒಳ್ಳೆ ಬೆಲೆ ಕೊಡ್ತೀನಿ. ಅಂಥದ್ದು ಸಿಗೋದೇ ಕಷ್ಟ."

"ನೀನು ಚಡ್ಡಿ ಜಾರಿಸ್ಕೊಂಡು ಓಡಾಡ್ತಿದ್ದಾಗ ಅವನ ಆಟ ನೋಡಿದೀಯ ಗಸ್. ಎದೆ ಮುಟ್ಕೊಂಡು ಹೇಳು, ಮ್ಯಾಲರಿ ಇವನಿಗಿಂತ ಹೆಚ್ಚಾ?"

"ನಾನೆಲ್ಲಿ ಹಾಗಂದೆ? ಬ್ಯಾಟಿನ ಮಾತು ಬಂದ್ರೆ ಹೋರಾಕೇ ಒಂದು ಕೈ ಮೇಲು. ಕೊಳ್ಳೋರಿಗೆ ಅದೆಲ್ಲ ಬೇಡ, ಕಥೆ ಬೇಕು. ಮ್ಯಾಲರಿ ಅಂಪೈರ್ ಟೋಪಿ ತುಳಿದ, ಹೋಟ್ಲಲ್ಲಿ ಕನ್ನಡಿ ಒಡೆದ, ಮೂರು ಮದುವೆ ಆದ. ಹೋರಾಕ್ ಮೇಲೆ ಯಾರ ಹತ್ರ ಕಥೆ ಇದೆ ಹೇಳಿ?"

"ಎಲ್ಲರ ಹತ್ರಾನೂ ಇದೆ."

"ಇದೆ. ಎಲ್ಲರ ಹತ್ರಾನೂ ಒಂದೇ ಕಥೆ."

ಅದು ನಿಜ. ನನ್ನದೂ ಅದೇ. ನಾನು ಚಿಕ್ಕವಳಿದ್ದಾಗ ಒಂದು ದಿನ, ಆಟ ಮುಗಿದ ಮೇಲೆ, ನದಿಯ ಕೆಳಭಾಗದ ದೊಡ್ಡ ನಗರದ ಮೈದಾನದ ಹಿಂದೆ, ಕಾರುಗಳು ನಿಲ್ಲುವ ಕಡೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಅಲ್ಲಿಗೆ ಆಡಲು ಬಂದಿದ್ದ ಮ್ಯಾಲರಿ ಟೋಪಿ ಕೆಳಗೆಳೆದು, ಮಕ್ಕಳನ್ನು ಮೊಣಕೈಯಲ್ಲಿ ಸರಿಸಿ, ಟ್ಯಾಕ್ಸಿ ಹತ್ತಿ ಹೋದ. ಹೋರಾಕ್ ತನ್ನ ಕಾರಿನ ಮೂತಿಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಾ ನಿಂತ. ಕಾರಿನೊಳಗೆ ಅವನ ಹೆಂಡತಿ ಕಿಟಕಿ ಇಳಿಸಿ, ಮಲಗಿದ ಮಗುವಿಗೆ ಗಾಳಿ ಬೀಸುತ್ತಿದ್ದಳು. ಅವಳ ಮುಖ ಈಗಲೂ ನೆನಪಿದೆ. ಬೇಸರವಿರಲಿಲ್ಲ, ಕಾದು ಅಭ್ಯಾಸವಾದ ಮುಖ. ನನ್ನ ಸರದಿ ಬಂದಾಗ ಅವನು ಹೆಸರು ಕೇಳಿದ. ಹೇಳಿದೆ. "ಅಜ್ಜಿ ಹೆಸರಾ?" ಅಂದ. "ಅಲ್ಲ, ನಂದೇ" ಅಂದೆ. "ಹಾಗಾದ್ರೆ ನಿನ್ಗೇ ಬರೀಬೇಕು" ಅಂತ ಬರೆದ. ಕತ್ತಲಾಗುತ್ತಿತ್ತು, ಇನ್ನೂ ಸಾಲು ಇತ್ತು. ಅವನಿಗೆ ಅವಸರವಿದ್ದ ಹಾಗೆ ಕಾಣಲಿಲ್ಲ.

ನಾನು ಇದನ್ನು ನೆನೆಯುತ್ತಿದ್ದ ಹೊತ್ತಿಗೆ ಬೂದು ಟೋಪಿಯ ಒಬ್ಬ ಬಂದು ಅಪ್ಪನ ಪಕ್ಕ ನಿಂತ. ನಗರದ ಕಡೆಯವನಿರಬೇಕು. ಮ್ಯಾಲರಿಯ ಬೆಲೆ ಕೇಳಿದ. ಗಸ್ ಹೇಳಿದ. ನನ್ನ ಒಂದು ತಿಂಗಳ ದಿನಸಿಗಿಂತ ಹೆಚ್ಚು. ಟೋಪಿಯವನು ಚೌಕಾಸಿ ಮಾಡಲಿಲ್ಲ.

"ಮುಂದೆ ಏರತ್ತಾ ಇದು?" ಎಂದಷ್ಟೇ ಕೇಳಿದ.

"ಏರದೇ ಎಲ್ಲಿ ಹೋಗತ್ತೆ? ಅವನು ಹಾಕಿರೋದೇ ಕಮ್ಮಿ."

ದುಡ್ಡು ಕೊಟ್ಟು, ಪೆಟ್ಟಿಗೆಯನ್ನು ಕೋಟಿನ ಒಳಜೇಬಿಗೆ ಇಳಿಸಿ, ಅವನು ಮುಂದಿನ ಮೇಜಿಗೆ ಹೋದ. ಒಮ್ಮೆಯೂ ಮ್ಯಾಲರಿಯ ಮುಖ ನೋಡಲಿಲ್ಲ. ಮೇಜಿನ ಬಟ್ಟೆಯ ಮೇಲೆ ಪೆಟ್ಟಿಗೆ ಇದ್ದಲ್ಲಿ ಒಂದು ಚೌಕ ತಗ್ಗು ಉಳಿಯಿತು. ಡೋರಿ ಅದನ್ನೇ ನೋಡುತ್ತಿದ್ದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನನ್ನ ಸ್ಕರ್ಟಿನ ಮಡಿಕೆಯನ್ನು ಮುಷ್ಟಿಯಲ್ಲಿ ಹಿಡಿದಳು. ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ.

ಗಸ್‌ಗೂ ಮುಜುಗರವಾಯಿತು. "ಇನ್ನೊಂದು ಬರತ್ತೆ ಕೂಸೆ. ಬಂದಾಗ ಹೇಳ್ತೀನಿ."

"ಬೇಡ" ಅಂದಳು. ಆಮೇಲೆ, "ನಿಮ್ಗೂ ಹೋರಾಕ್ ಬರ್ಕೊಟ್ಟಿದಾನಾ? ಹೆಸರು ಹಾಕಿ?"

ಗಸ್ ನಮ್ಮ ಕಡೆ ನೋಡಿದ. ಪ್ಯಾಂಟಿನ ಹಿಂದಿನ ಜೇಬಿನಿಂದ ತೊಗಲಿನ ಕೈಚೀಲ ತೆಗೆದ. ಅದರ ಒಳಮಡಿಕೆಯಿಂದ ಬಂದದ್ದು ಕಾರ್ಡು ಎಂದು ಹೇಳಲು ಕಷ್ಟ. ನಡುವೆ ಮಡಿಸಿ ಮಡಿಸಿ ಎರಡಾಗುವ ಹಂತದಲ್ಲಿತ್ತು. ಮೂಲೆಗಳು ಸವೆದು ಬಟ್ಟೆಯಂತಾಗಿದ್ದವು. 'ಆಗಸ್ಟ್‌ಗೆ, ನಿನ್ನ ಗೆಳೆಯ ಎಮಿಲ್ ಹೋರಾಕ್'. ಆಗಸ್ಟ್ ಅಂದರೆ ಗಸ್.

ಅಪ್ಪ ಬಾಯಿ ಬಿಟ್ಟು ನಕ್ಕರು. "ಮೂಲೆ, ಮೂಲೆ ಅಂತ ಮಕ್ಕಳ ಪ್ರಾಣ ತಿಂತೀಯ. ಇದರ ಮೂಲೆ ಎಲ್ಲೋ ಮಾರಾಯ?"

"ಇದರ ವಿಷಯ ಬೇರೆ."

"ಇದಕ್ಕೆಷ್ಟು?" ಅಂದಳು ಡೋರಿ.

"ಇದಕ್ಕಾ? ಇದಕ್ಕೆ ಯಾರೂ ಏನೂ ಕೊಡಲ್ಲ."

"ಕೊಟ್ರೆ?"

"ಕೊಟ್ರೂ ಇಲ್ಲ." ಗಸ್ ಅದನ್ನು ಮಡಿಸಿ ಒಳಗಿಟ್ಟ. "ಹೋಗು, ಕಾಫಿ ಕಟ್ಟೇಲಿ ಡೋನಟ್ ಇದೆ. ನನ್ನ ಹೆಸರು ಹೇಳು, ಕೊಡ್ತಾರೆ."

ದಾರಿಯಲ್ಲಿ ಅಪ್ಪ ಚುಟ್ಟಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಕಾರು ಓಡಿಸುತ್ತಿದ್ದೆ. ಡೋರಿ ಹಿಂದಿನ ಸೀಟಿನಲ್ಲಿದ್ದಳು. ಸೇತುವೆಯ ಬಳಿ ಸರಕು ದೋಣಿಗಳ ಸಾಲೊಂದು ಮಿಸಿಸಿಪ್ಪಿಯಲ್ಲಿ ಕೆಳಗೆ ಹೋಗುತ್ತಿತ್ತು. ಬೇರೆ ದಿನವಾಗಿದ್ದರೆ ಡೋರಿ ಅವನ್ನು ಎಣಿಸುತ್ತಿದ್ದಳು.

"ಡಬ್ಬಿ ಪೂರ್ತಿ ಕೊಟ್ರೂ ಒಂದೂ ತಗೊಳ್ಲಿಲ್ಲ ಗಸ್" ಎಂದರು ಅಪ್ಪ, ಯಾರಿಗೋ ಎಂಬಂತೆ. ಬೇಸರಕ್ಕೆ ಹೇಳಿದರೋ ಸಮಾಧಾನಕ್ಕೋ ಗೊತ್ತಾಗಲಿಲ್ಲ. ಓಣಿಯಲ್ಲಿ ಇಳಿದು, ಡೋರಿಯ ತಲೆಯ ಮೇಲೆ ಕೈಯಿಟ್ಟು, ಡಬ್ಬಿ ಹಿಡಿದುಕೊಂಡು ಮನೆಗೆ ಹೋದರು. ಹೋಗುವಾಗ ಅಮ್ಮನ ಹೆಸರಿನ ಕಾರ್ಡನ್ನು ಹೊರಗೆ ತೆಗೆದು ನೋಡುತ್ತಾ ನಡೆಯುತ್ತಿದ್ದರು.

ನೆಲಮಾಳಿಗೆಯಲ್ಲಿ ಯಂತ್ರದ ಮುಚ್ಚಳ ತೆರೆದೇ ಇತ್ತು. ಬ್ಲೀಚ್ ಹಾಕಿ ಗುಂಡಿ ಒತ್ತಿದೆ. ಮಧ್ಯಾಹ್ನ ಸೂಪಿಗೆ ಬಟಾಣಿ ಇಟ್ಟು, ಒಲೆ ಸಣ್ಣ ಮಾಡಿ, ಒದ್ದೆ ಬಟ್ಟೆಯ ಬುಟ್ಟಿಯನ್ನು ಹಿತ್ತಿಲಿಗೆ ತಂದಾಗ ಡೋರಿ ಕ್ಲಿಪ್ಪುಗಳ ಚೀಲ ಹಿಡಿದು ತಂತಿಯ ಕೆಳಗೆ ಆಗಲೇ ನಿಂತಿದ್ದಳು. ನಾನು ಕರೆದಿರಲಿಲ್ಲ.

ನಾನು ಹೊದಿಕೆ ಹರಡುತ್ತೇನೆ, ಅವಳು ಕ್ಲಿಪ್ಪು ಕೊಡುತ್ತಾಳೆ. ಹಾಗೆ ಒಂದು ಸಾಲು ಮುಗಿಯಿತು. ನದಿಯ ಕಡೆಯಿಂದ ಗಾಳಿ ಬಂದು ಹೊದಿಕೆ ಅವಳ ಮುಖಕ್ಕೆ ಬಡಿಯಿತು. ಅದರ ಹಿಂದಿನಿಂದ ಅವಳ ದನಿ.

"ಅಮ್ಮ, ಆ ಕಾರ್ಡಿನ ಮೇಲೆ ನಿನ್ನ ಹೆಸರು ವಾಪಸ್ ಬರೀಲಾ? ನೀಲಿ ಪೆನ್ನಿದೆ."

"ನೀನು ಬರೆದ್ರೆ ಅದು ನೀನು ಬರೆದಿದ್ದು ಆಗತ್ತೆ."

"ಆದ್ರೆ ಬೇಡ್ವಾ?"

"ಬೇಕು. ಅದೂ ಬೇಕು."

ಅವಳು ಇನ್ನೆರಡು ಕ್ಲಿಪ್ಪು ಕೊಟ್ಟಳು. ನಾನು ಗವಸುಗಳನ್ನು ಮುಗಿಸಿದೆ. ಬುಟ್ಟಿಯ ತಳದಲ್ಲಿ ಉಳಿದದ್ದು ವೇಡ್‌ನ ಅಂಗಿ. ಅವನು ಬಿಟ್ಟು ಹೋದದ್ದು ಅದೊಂದೇ ಒಳ್ಳೆಯ ಅಂಗಿ. ಬೀರುವಿನಲ್ಲಿ ಧೂಳು ಕೂರುತ್ತದೆಂದು ಒಮ್ಮೆ ಒಗೆದೆ. ಆಮೇಲೆ ಬಿಳಿ ಬಟ್ಟೆಯ ದಿನ ಬಂದಾಗಲೆಲ್ಲ ಅದು ತಾನಾಗಿಯೇ ಕೈಗೆ ಬರುತ್ತದೆ. ಒಗೆಯುತ್ತೇನೆ, ಒಣಗಿಸುತ್ತೇನೆ, ಇಸ್ತ್ರಿ ಮಾಡಿ ನೇತುಹಾಕುತ್ತೇನೆ. ಕಾಲರಿನಲ್ಲಿ ಈಗ ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ.

ನಾನು ಬಗ್ಗುವ ಮೊದಲೇ ಡೋರಿ ಅದನ್ನು ಎತ್ತಿಕೊಂಡಳು. ಹಿಂಡಿದ ತೋಳುಗಳನ್ನು ಬಿಡಿಸಿದಳು, ಭುಜದ ಹೊಲಿಗೆ ಸರಿ ಮಾಡಿದಳು. ನನಗೆ ಕೊಡಲಿಲ್ಲ. ಅಂಗಿಯನ್ನು ಎದೆಗೆ ಹಿಡಿದು ನಿಂತಳು. ನೀರು ಅವಳ ಫ್ರಾಕಿಗೆ ಇಳಿಯುತ್ತಿತ್ತು.

"ಅಮ್ಮ."

"ಏನು ಕಂದ?"

ಈ ಸಲವೂ ಏನಿಲ್ಲ ಅನ್ನುತ್ತಾಳೆ ಎಂದು ಕ್ಲಿಪ್ಪು ಹಿಡಿದು ಕಾದೆ. ಅವಳು ನನ್ನ ಮುಖ ನೋಡಿ ಕೇಳಿದಳು.

"ಮ್ಯಾಲರಿ ಸಹಿ ಸಿಕ್ಕಿದ್ರೂ ಅಪ್ಪ ಬರ್ತಿರ್ಲಿಲ್ಲ, ಅಲ್ವಾ?"